ಎಲ್ಲಾ ಐತ್ರಿ ನಮ್ಮೂರಾಗ

ನಾನು ಆ ಊರಿಗೆ ಹೋಗಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಏಕೆಂದರೆ ನಾನು ಖುದ್ದಾಗಿ ಹೋಗಿ ನೋಡಿ ಬಂದಿದ್ದೇನೆ ಎಂದು ಸಹಿ ಹಾಕಿದ ಫಾರಂ ಒಂದು ಈ ಮಹಾನಗರದ ಫೋರ್ಟ್ ಬಡಾವಣೆಯ ಹಳೆಯ ಕಟ್ಟಡವೊಂದರ ಮೂರನೇ ಮಹಡಿಯ ಕಪಾಟಿನಲ್ಲಿ ಈಗಲೂ ಇದೆ.

ಆ ಮಹಡಿಯಲ್ಲಿ ನಮ್ಮ ಆಫೀಸು. ಸರ್ವೆ ಮಾಡಿಕೊಡುವ ಸಣ್ಣ ಆಫೀಸು. ಯಾರಿಗೋ ತಮ್ಮ ಸೋಪಿನ ಬಗ್ಗೆ ಜನ ಏನನ್ನುತ್ತಾರೆಂದು ತಿಳಿಯಬೇಕು, ಇನ್ಯಾರಿಗೋ ಶಾಲೆ ಬಿಟ್ಟ ಮಕ್ಕಳ ವಿವರ ಬೇಕು. ನಾವು ಫಾರಂ ಹಿಡಿದುಕೊಂಡು ಹೊರಡುತ್ತೇವೆ. ಆ ವರ್ಷ ಬಂದದ್ದು ಗಡಿಯ ಕೆಲಸ. ಕರ್ನಾಟಕ, ಮಹಾರಾಷ್ಟ್ರ ಎರಡೂ ತಮ್ಮದು ತಮ್ಮದು ಎಂದು ಜಗಳವಾಡುವ ಬೆಳಗಾವಿ ಸೀಮೆಯ ಹಳ್ಳಿಗಳು. ಕೆಲಸ ಕೊಟ್ಟ ಧರ್ಮಾರ್ಥ ಸಂಸ್ಥೆಗೆ ಆ ಜಗಳ ಬೇಕಿರಲಿಲ್ಲ. ರಸ್ತೆ ಎಲ್ಲಿಯವರೆಗೆ ಇದೆ, ನೀರು ಎಲ್ಲಿಂದ ಬರುತ್ತದೆ, ಸಂತೆ ಎಲ್ಲಿ, ಆಸ್ಪತ್ರೆ ಎಷ್ಟು ದೂರ, ಇಷ್ಟು ಗೊತ್ತಾದರೆ ಸಾಕಿತ್ತು. ಮಳೆಗಾಲದಲ್ಲಿ ದಾರಿ ಕಡಿದುಹೋಗುವ ಊರುಗಳನ್ನು ಆರಿಸಿ, ಅಲ್ಲಿ ಒಂದು ಆಂಬುಲೆನ್ಸು, ಒಂದು ಮೋಟಾರು ದೋಣಿ ಇಡುವುದು ಅವರ ಯೋಜನೆ. ಫಾರಂನ ಕೊನೆಯ ಕಲಂ ಹೀಗಿತ್ತು: ವರ್ಷದಲ್ಲಿ ಎಷ್ಟು ದಿನ ದಾರಿ ಬಂದ್ ಆಗುತ್ತದೆ? ಅಲ್ಲಿ ಬರೆದದ್ದರ ಮೇಲೆ ದೋಣಿ ಯಾವ ಊರಿಗೆ ಎಂಬುದು ನಿಂತಿತ್ತು.

ಆಫೀಸಿನಲ್ಲಿ ಕನ್ನಡ ಬರುವವಳು ನಾನೊಬ್ಬಳೇ. ಮನೆಯಲ್ಲಿ ತುಳು, ಬೀದಿಯಲ್ಲಿ ಹಿಂದಿ, ಕನ್ನಡ ಓದಿ ಕಲಿತದ್ದು. ಗಡಿಯ ಕನ್ನಡ ನನಗೆ ಅರ್ಧ ಅರ್ಥವಾಗುತ್ತದೆ ಎಂದರೆ ನಮ್ಮ ಬಾಸಿಗೆ ನಗು. ಅವರ ಪಾಲಿಗೆ ಕನ್ನಡವೆಂದರೆ ಕನ್ನಡ, ಮುಗಿಯಿತು.

ಎರಡು ಸಲ ನಿಜವಾಗಿಯೇ ಹೋಗಿ ಬಂದೆ. ಆ ಕಡೆಯಿಂದ ಬಂದ ಡಾಂಬರು ರಸ್ತೆ ಒಂದು ಬೇವಿನ ಮರದ ಹತ್ತಿರ ನಿಂತುಬಿಡುತ್ತದೆ. ಈ ಕಡೆಯ ಡಾಂಬರು ಇನ್ನೊಂದು ದಿಬ್ಬದ ಹತ್ತಿರ ಶುರುವಾಗುತ್ತದೆ. ನಡುವೆ ಬರೀ ಜಲ್ಲಿ, ಹೊಂಡ. ಎರಡೂ ರಾಜ್ಯದ ಬಸ್ಸುಗಳು ತಮ್ಮ ತಮ್ಮ ಡಾಂಬರಿನ ತುದಿಯಲ್ಲಿ ತಿರುಗಿಕೊಂಡು ಹೋಗುತ್ತವೆ; ಜನ ಒಂದರಿಂದ ಇಳಿದು, ಗಂಟು ಹೊತ್ತು ನಡೆದು, ಇನ್ನೊಂದನ್ನು ಹತ್ತುತ್ತಾರೆ. ಕಬ್ಬು ಒಂದು ರಾಜ್ಯದ ಕಾರ್ಖಾನೆಗೆ, ವೋಟು ಇನ್ನೊಂದು ರಾಜ್ಯಕ್ಕೆ. ಹೊಳೆಗೆ ಅಡ್ಡಲಾಗಿ ಬಾಂದಾರಗಳನ್ನು ಕಟ್ಟಿದ್ದಾರೆ. ನೀರು ನಿಲ್ಲಿಸಲೆಂದು ಕಟ್ಟಿದ ಗಿಡ್ಡ ಗೋಡೆಗಳವು. ಜನ ಅದರ ತಲೆಯ ಮೇಲೆ ನಡೆದು, ಬೈಕು ಓಡಿಸಿ, ಅದನ್ನೇ ಸೇತುವೆ ಮಾಡಿಕೊಂಡಿದ್ದಾರೆ. ಮಳೆ ಬಂದರೆ ಅದರ ಮೇಲೆ ನೀರು ಹರಿಯುತ್ತದೆ. ಇದನ್ನು ನಾನು ಕಣ್ಣಾರೆ ಕಂಡಿದ್ದೆ, ಕೇಳಿದ್ದೆ. ಮುಂದಿನದನ್ನು ಓದುವಾಗ ಇದು ನೆನಪಿರಲಿ.

ಮೂರನೇ ಸಲ ಹೊರಡಬೇಕು ಅನ್ನುವಷ್ಟರಲ್ಲಿ ಗಡಿಯಲ್ಲಿ ಗಲಾಟೆ ಎದ್ದು ಬಸ್ಸುಗಳು ನಿಂತವು. ಆರು ಹಳ್ಳಿ ಬಾಕಿ. ಗಲಾಟೆ ವಾರದಲ್ಲಿ ತಣ್ಣಗಾಯಿತು, ನಿಜ ಹೇಳಬೇಕೆಂದರೆ ಆಮೇಲೆ ಹೋಗಬಹುದಿತ್ತು. ಬಿಸಿಲು, ಧೂಳು, ಲಾಡ್ಜಿನ ಸೊಳ್ಳೆ ಎಲ್ಲ ನೆನಪಾಗಿ ನನಗೇ ಬೇಡವಾಯಿತು. ರಜೆ ಹಾಕಿದಂತೆ ಮನೆಯಲ್ಲಿ ಕೂತು ಐದು ಹಳ್ಳಿಗಳನ್ನು ಫೋನಿನಲ್ಲೇ ಮುಗಿಸಿದೆ. ಹೋಗಿ ಬಂದೆ ಎಂದು ಬಾಸಿಗೆ ಹೇಳಿದೆ. ಆರನೆಯದಕ್ಕೆ ಯಾರೂ ಫೋನು ಎತ್ತಲಿಲ್ಲ.

ವಡಾಲದಲ್ಲಿ ನಮ್ಮ ಬಿಲ್ಡಿಂಗಿನ ಎದುರಿನದನ್ನು ಕೆಡವಿ ಹೊಸದು ಕಟ್ಟುತ್ತಿದ್ದರು. ಅಲ್ಲಿ ಪ್ಲಾಸ್ಟರಿಂಗ್ ಕೆಲಸಕ್ಕೆ ಬರುತ್ತಿದ್ದ ಒಬ್ಬ ಹೆಂಗಸು ನೀರು ಕೇಳಲು ನಮ್ಮ ಮನೆಗೆ ಬರುವುದಿತ್ತು. ವಿಚಾರಿಸಿದರೆ ಆಕೆ ಅದೇ ಆರನೇ ಊರಿನವಳು. ಅದೃಷ್ಟ ಅಂದುಕೊಂಡೆ. ಆಕೆ ನನಗಿಂತ ಹತ್ತು ವರ್ಷ ದೊಡ್ಡವಳು. ನಾನು ಆಕೆಯನ್ನು ಅಕ್ಕ ಎನ್ನುತ್ತಿದ್ದೆ, ಆಕೆ ನನ್ನನ್ನು ಅಕ್ಕಾರ ಎನ್ನುತ್ತಿದ್ದಳು.

ಭಾನುವಾರ ಕುರ್ಲಾದ ಚಾಳಿನಲ್ಲಿ ಅವಳ ಕೋಣೆಗೆ ಹೋದೆ. ಕಪ್ಪನ್ನು ಎರಡು ಸಲ ತೊಳೆದು ಚಹಾ ಕೊಟ್ಟಳು. ಫಾರಂ, ಪೆನ್ನು ನೋಡಿ ಅಕ್ಕಪಕ್ಕದ ಹೆಂಗಸರು ಬಾಗಿಲಲ್ಲಿ ಬಂದು ನಿಂತರು.

"ಊರಿಗೆ ರಸ್ತೆ ಉಂಟಾ ಅಕ್ಕ?"

"ಉಂಟಾ ಅಂದ್ರ?" ಎಂದು ನಕ್ಕಳು. "ಎಲ್ಲಾ ಐತ್ರಿ ಅಕ್ಕಾರ ನಮ್ಮೂರಾಗ. ಕಬ್ಬು ಐತಿ, ತಂಬಾಕ ಐತಿ, ಹುಡುಗೂರಿಗೆ ಸಾಲಿ ಐತಿ. ಮುಂಜಾನಿ ಹಾಲು ಆ ಕಡಿ ಡೈರಿಗೆ ಹೋಗತೈತಿ, ಸಂಜಿ ಹಾಲು ಈ ಕಡಿ ಡೈರಿಗೆ. ಎರಡೂ ಕಡಿ ನಮಗ ಬೇಕಾದವ್ರು ಅದಾರ."

"ಆಸ್ಪತ್ರೆ?"

"ಹೊಳಿ ದಾಟಿದ್ರ ದೊಡ್ಡ ದವಾಖಾನಿ ಐತ್ರಿ. ಬಾಂದಾರದ ಮ್ಯಾಲ ಹಾದ್ರ ಹದಿನೈದ ಮಿನಿಟು."

"ಮಳೆಗಾಲದಲ್ಲಿ?"

ಒಂದು ಗಳಿಗೆ ಬಾಗಿಲ ಕಡೆ ನೋಡಿದಳು. ಅಲ್ಲಿ ನಿಂತವರು ನಮ್ಮ ಮಾತು ಅರ್ಧಂಬರ್ಧ ಅರ್ಥವಾದರೂ ಕಿವಿ ಕೊಟ್ಟು ಕೇಳುತ್ತಿದ್ದರು. "ಏನೂ ತ್ರಾಸಿಲ್ರಿ," ಎಂದಳು.

ಪರ ಊರಿನ ಒಂದೇ ಕೋಣೆಯಲ್ಲಿ ಕೂತು ನಾಲ್ಕು ಜನರ ಎದುರು ಯಾರು ತಾನೇ ತವರೂರನ್ನು ಹಗುರ ಮಾಡಿಯಾರು? ನಮ್ಮಮ್ಮನೂ ಅಷ್ಟೇ, ಉಡುಪಿಯ ಮಾತು ಬಂದರೆ ಅಲ್ಲಿ ಸೆಖೆಯೇ ಇಲ್ಲ ಎನ್ನುತ್ತಾರೆ. ಅದು ಸುಳ್ಳೆಂದು ನನಗೆ ಆಗಲೇ ಗೊತ್ತಾಯಿತು. ಬಾಂದಾರ ಮುಳುಗುತ್ತದೆ ಎಂದು ಗೊತ್ತಿದ್ದ ನಾನು ಇನ್ನೊಂದು ಸಲ ಕೇಳಬಹುದಿತ್ತು. ಕೇಳಲಿಲ್ಲ. ಕೊನೆಯ ಕಲಂನಲ್ಲಿ ಸೊನ್ನೆ ಬರೆದೆ.

ಏಳುವ ಹೊತ್ತಿಗೆ ಆಕೆ ಮಗಳ ಸುದ್ದಿ ತೆಗೆದಳು. ಅದೇ ಊರಿನಲ್ಲಿ ತನ್ನ ಅಣ್ಣನ ಮಗನಿಗೇ ಕೊಟ್ಟಿದ್ದಾಳೆ. ಮೊದಲ ಬಸಿರು, ಶ್ರಾವಣದಲ್ಲಿ ದಿನ ತುಂಬುತ್ತವೆ. ಚೊಚ್ಚಲ ಹೆರಿಗೆಗೆ ತವರಿಗೆ ಕರೆದುಕೊಂಡು ಬರಬೇಕು. ತವರೆಂದರೆ ಈ ಕೋಣೆ, ಕಾಲು ಚಾಚಲೂ ಜಾಗವಿಲ್ಲ. ಅದಕ್ಕೆ ಅಲ್ಲೇ ಇರಲಿ, ಹೊತ್ತಿಗೆ ತಾನೇ ಹೋಗುತ್ತೇನೆ ಎಂದಳು. ಈ ಫಾರಂ ನೋಡಿಯೇ ದೋಣಿ, ಆಂಬುಲೆನ್ಸು ಯಾವ ಊರಿಗೆಂದು ಆರಿಸುತ್ತಾರೆ ಎಂದು ಹೇಳಿ, ಆಫೀಸಿನ ಕಾರ್ಡು ಕೊಟ್ಟು ಎದ್ದೆ.

ಮರುದಿನ ಫಾರಂ ಆಫೀಸಿಗೆ ಕೊಟ್ಟೆ. ಬುಧವಾರ ಮಧ್ಯಾಹ್ನ ಆಕೆ ಕೆಲಸ ಬಿಟ್ಟು ಫೋರ್ಟಿಗೆ ಬಂದಳು. ನಾನು ಕೊಟ್ಟ ಕಾರ್ಡನ್ನು ದಾರಿಯಲ್ಲಿ ಕಂಡಕಂಡವರಿಗೆ ತೋರಿಸುತ್ತ ಬಂದಿದ್ದಾಳೆ. ಮೆಟ್ಟಿಲ ಮೇಲೆ ಚಪ್ಪಲಿ ಬಿಟ್ಟು ನಿಂತಿದ್ದಳು. ಬಾಸ್ ನೋಡಿದರೆ ಕಷ್ಟ ಎಂದು ನಾನು ಆಕೆಯನ್ನು ಅವಸರದಿಂದ ಕೆಳಗಿನ ಉಡುಪಿ ಹೋಟೆಲಿಗೆ ಕರೆದೊಯ್ದೆ. ಆಕೆಗೆ ಅದು ಮರ್ಯಾದೆಯಾಗಿ ಕಂಡಿರಬೇಕು. ಸೆರಗು ಸರಿಮಾಡಿಕೊಂಡು ಕೂತಳು.

"ಅಕ್ಕಾರ, ನಾ ಒಂದ ಸುಳ್ಳ ಹೇಳೇನ್ರಿ. ಬಾಜೂದವರು ನಿಂತಿದ್ರು, ಅವರ ಮುಂದ ಊರ ಮಾನಾ ಯಾಕ ಕಳೀಬೇಕು ಅಂತ ಹಂಗಂದೆ. ಮಳಿಗಾಲದಾಗ ಬಾಂದಾರ ಮುಣಗತೈತ್ರಿ. ಎರಡ ತಿಂಗಳ ಕಾಣಸೂದೇ ಇಲ್ಲ. ಸುತ್ತ ಹಾಕಿ ಹೋಗಬೇಕಂದ್ರ ಅರ್ಧಾ ದಿನಾ. ಆ ರಸ್ತೆನೂ ಅರ್ಧಾ ಅವರದು, ಅರ್ಧಾ ಇವರದು, ನಡುವಿಂದು ಯಾರದೂ ಅಲ್ಲ. ಅದನ್ನ ತಿದ್ದಿ ಬರೀರಿ. ಮಗಳು ಅದಾಳ್ರಿ ಅಲ್ಲಿ."

"ತಿದ್ದುತ್ತೇನೆ ಅಕ್ಕ," ಎಂದೆ. "ನೀವು ತಲೆ ಕೆಡಿಸಿಕೊಳ್ಳಬೇಡಿ."

ವರದಿ ಸಂಸ್ಥೆಗೆ ಹೋಗುವುದು ಶುಕ್ರವಾರ. ಎರಡು ದಿನ ಪೂರ್ತಿ ನನ್ನ ಕೈಯಲ್ಲಿತ್ತು. ಫೈಲು ಹಿಡಿದು ಬಾಸಿನ ಬಾಗಿಲವರೆಗೂ ಹೋದೆ. ಊರು ನೋಡಿ ಬಂದವಳಿಗೆ ಹೊಳೆ ಕಾಣಲಿಲ್ಲವೇ ಎಂದು ಕೇಳಿದರೆ ಏನು ಹೇಳಲಿ? ಒಂದು ಎಳೆ ಎಳೆದರೆ ಉಳಿದ ಐದು ಹಳ್ಳಿಗಳೂ ಬಿಚ್ಚಿಕೊಳ್ಳುತ್ತವೆ. ಫೈಲು ವಾಪಸು ಇಟ್ಟೆ. ಪಕ್ಕದ ಊರಿಗೆ ದೋಣಿ ಬಂದರೆ ಇವರಿಗೂ ಆದೀತು, ಮುಂದಿನ ವರ್ಷ ಇನ್ನೊಂದು ಪಟ್ಟಿ ಮಾಡಿಯಾರು, ಹೀಗೆ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಅಂಥ ಸಮಾಧಾನ ಹುಡುಕುವುದರಲ್ಲಿ ನಾನು ಬಹಳ ಚುರುಕು.

ಜೂನ್‌ನಲ್ಲಿ ಪಟ್ಟಿ ಬಂತು. ಆ ಊರು ಇರಲಿಲ್ಲ. ನೋಡಿ, ಮಡಚಿಟ್ಟು, ಕೆಳಗೆ ಹೋಗಿ ಕಾಫಿ ಕುಡಿದೆ.

ಶ್ರಾವಣಕ್ಕೆ ಆಕೆ ಊರಿಗೆ ಹೋದಳು. ಗಣೇಶನ ಹಬ್ಬ ಕಳೆದ ಮೇಲೆ ಒಂದು ಬೆಳಿಗ್ಗೆ ನಮ್ಮ ಬಾಗಿಲಿಗೆ ಬಂದಳು. ನೀರು ಕೇಳಲು ಬಂದಳೆಂದು ನಾನು ಬಾಟಲಿ ತರಲು ಹೊರಟೆ. ಬ್ಯಾಡ ಎಂದಳು.

ನೋವು ಶುರುವಾದಾಗ ಹೊಳೆ ತುಂಬಿತ್ತು. ಆಚೆ ದಡದ ದವಾಖಾನೆಯ ದೀಪ ಮನೆಯ ಅಂಗಳದಿಂದಲೇ ಕಾಣುತ್ತಿತ್ತಂತೆ. ಮಗಳನ್ನು ಟ್ರ್ಯಾಕ್ಟರಿನ ಡಬ್ಬಿಯಲ್ಲಿ ಮಲಗಿಸಿ, ಮೇಲೆ ತಾಡಪಾಲು ಹಿಡಿದು, ಸುತ್ತು ದಾರಿಯಲ್ಲಿ ಹೊರಟಿದ್ದಾರೆ. ಯಾರದೂ ಅಲ್ಲದ ಆ ನಡುವಿನ ತುಂಡಿನಲ್ಲಿ ಗಾಲಿ ಹೂತುಹೋಯಿತು. ಅಲ್ಲೇ ಹೆರಿಗೆಯಾಯಿತು.

"ಅಳಲೇ ಇಲ್ರಿ ಕೂಸು," ಎಂದಳು.

ಮಗಳು ಉಳಿದಳು. ಆಂಬುಲೆನ್ಸು ಇದ್ದಿದ್ದರೆ ಕೂಸು ಉಳಿಯುತ್ತಿತ್ತೋ ಇಲ್ಲವೋ, ಯಾರು ಬಲ್ಲರು? ಈ ಯಾರು ಬಲ್ಲರು ಎಂಬ ಮಾತಿನ ಹಿಂದೆಯೂ ನಾನು ಎಷ್ಟೋ ದಿನ ಅವಿತುಕೊಂಡಿದ್ದೇನೆ.

ಆಕೆ ಹೊಸಿಲ ಆಚೆಯೇ ನಿಂತಿದ್ದಳು. "ನಂದೇ ತಪ್ಪರಿ. ಮೊದಲನೇ ದಿನಾನ ಖರೇ ಹೇಳಿದ್ರ ನಮ್ಮೂರ ಹೆಸರೂ ಬರತಿತ್ತು. ಬುಧವಾರ ನಾ ಬರೂ ಹೊತ್ತಿಗೆ ತಡಾ ಆಗಿತ್ತೇನ್ರಿ ಅಕ್ಕಾರ?"

ಆಕೆ ನನ್ನನ್ನು ದೂರಲು ಬಂದಿರಲಿಲ್ಲ. ತನ್ನ ತಪ್ಪು ಎಷ್ಟೆಂದು ಗಟ್ಟಿಮಾಡಿಕೊಳ್ಳಲು ಬಂದಿದ್ದಳು.

"ಹೌದು ಅಕ್ಕ," ಎಂದೆ. "ಆಗಲೇ ಕಳಿಸಿಯಾಗಿತ್ತು."

ಸೊನ್ನೆ ಬರೆದದ್ದು ಸೋಮಾರಿತನ, ತಿದ್ದದೇ ಇದ್ದದ್ದು ಹೇಡಿತನ ಎಂದು ಹೇಳಿಕೊಳ್ಳಬಹುದು. ಆ ಬಾಗಿಲಲ್ಲಿ ನಾನು ಆಡಿದ ಮಾತಿಗೆ ಏನು ಹೆಸರಿಡಲಿ? ಕೂಸು ಕಳೆದುಕೊಂಡ ಮನೆಯವಳ ತಲೆಯ ಮೇಲೆ ನನ್ನ ಹೊರೆಯನ್ನು ಎತ್ತಿಟ್ಟೆ. ಆಕೆ ತಲೆಯಾಡಿಸಿ ಅದನ್ನು ಹೊತ್ತುಕೊಂಡು ಹೋದಳು.

ಎದುರಿನ ಬಿಲ್ಡಿಂಗು ಮುಗಿಯಿತು, ಆಕೆ ಬರುವುದೂ ನಿಂತಿತು. ಮಳೆಗಾಲದಲ್ಲಿ ಟಿವಿಯಲ್ಲಿ ಆ ಕಡೆಯ ಬಾಂದಾರಗಳು ಮುಳುಗಿದ ಸುದ್ದಿ ಬಂದರೆ ನಾನು ಚಾನೆಲ್ ಬದಲಿಸುತ್ತೇನೆ.

ಹೋದ ತಿಂಗಳು ಕುರ್ಲಾದಲ್ಲಿ ಹಾರ್ಬರ್ ಲೈನಿನ ಲೋಕಲ್ ಹತ್ತಿದೆ. ಲೇಡೀಸ್ ಡಬ್ಬಿಯಲ್ಲಿ ಆಕೆ ಕೂತಿದ್ದಳು. ಕೂದಲು ಪೂರ್ತಿ ಬೆಳ್ಳಗಾಗಿತ್ತು. "ಬರ್ರಿ ಅಕ್ಕಾರ, ಕೂಡ್ರಿ," ಎಂದು ಮೂವರು ಕೂರುವ ಸೀಟಿನಲ್ಲಿ ಸರಿದು ನನಗೆ ಜಾಗ ಮಾಡಿದಳು. ಮಗಳು ಹೇಗಿದ್ದಾಳೆ ಎಂದೆ. ಅದಾಳ್ರಿ ಎಂದಳು, ಮತ್ತೆ ಮಕ್ಕಳಾಗಿಲ್ಲ ಎಂದಳು. ಎದುರು ಕೂತ ಹೆಂಗಸೊಬ್ಬಳು ನಮ್ಮ ಭಾಷೆ ಕೇಳಿ, ನಿಮ್ಮ ಗಾಂವ್ ಯಾವುದು, ಹೇಗಿದೆ ಎಂದು ಹಿಂದಿಯಲ್ಲಿ ವಿಚಾರಿಸಿದಳು.

"ಕುಛ್ ನಹೀ ಹೈ," ಎಂದಳು ಆಕೆ. "ರಸ್ತಾ ನಹೀ, ಪೂಲ್ ನಹೀ, ದವಾಖಾನಾ ನಹೀ. ಕುಛ್ ಭೀ ನಹೀ ಹೈ ಹಮಾರೇ ಗಾಂವ್ ಮೇ."

ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ ಹೇಳಿದಳು: "ಈಗ ಯಾರ ಕೇಳಿದ್ರೂ ಖರೇನ ಹೇಳ್ತೇನ್ರಿ ಅಕ್ಕಾರ."

ರಸ್ತೆಯಿಲ್ಲ, ಸೇತುವೆಯಿಲ್ಲ, ಏನೇನೂ ಇಲ್ಲ ಎಂದಿದ್ದಳು; ಆದರೆ ಕಬ್ಬು ಇತ್ತು, ತಂಬಾಕಿತ್ತು, ಎರಡೂ ಕಡೆ ಬೇಕಾದವರಿದ್ದರು. ಅದನ್ನೆಲ್ಲ ನಾನೇ ನನ್ನ ಕೈಯಾರೆ ಬರೆದುಕೊಂಡಿದ್ದೆ. ನೀವು ತಡ ಮಾಡಿರಲಿಲ್ಲ ಅಕ್ಕ, ಎರಡು ದಿನ ಬಾಕಿಯಿತ್ತು ಎನ್ನಬೇಕು, ಅಷ್ಟೇ. ಚೂನಾಭಟ್ಟಿ ಹೋಯಿತು. ಜಿಟಿಬಿ ನಗರವೂ ಹೋಯಿತು. ಆಕೆ ನನ್ನ ಬ್ಯಾಗನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡು, ಗದ್ದಲದಲ್ಲಿ ಯಾರೂ ಎಳೆಯದ ಹಾಗೆ ಎರಡೂ ಕೈಯಿಂದ ಹಿಡಿದಿದ್ದಳು. ವಡಾಲ ಬಂತು. ಬ್ಯಾಗು ತೆಗೆದುಕೊಂಡು ಇಳಿದೆ.