ಅಬ್ಬಲಿಗೆ ಗಿಡಗಳ ನಡುವೆ ಹೆರಿಗೆ

ಮೇ ಕೊನೆಯ ಸುಡು ಮಧ್ಯಾಹ್ನ. ಚಿಕ್ಕೋಡಿಯ ನಮ್ಮ ಹಿತ್ತಿಲಿಗೆ ನುಗ್ಗಿದ ಕುರಿಯೊಂದು, ಬೇಸಿಗೆಯಿಡೀ ನೀರುಣಿಸಿ ಉಳಿಸಿಕೊಂಡಿದ್ದ ಅಬ್ಬಲಿಗೆ ಗಿಡಗಳ ಮೇಲೆ ಹೊರಳಾಡುತ್ತಿತ್ತು. ಕೋಲು ಹಿಡಿದು ಓಡಿದೆ. ಹಿಂದೆಯೇ ಏದುಸಿರು ಬಿಡುತ್ತ ಬಂದ ಕುರಿ ಕಾಯುವ ಹೆಂಗಸು ಕೈಮುಗಿದಳು. “ಹೊಡಿಬ್ಯಾಡ್ರಿ ಅಕ್ಕಾರ, ಚೊಚ್ಚಲ ಈಯಾಕತ್ತೈತಿ. ನೆಳ್ಳ ಹುಡಕ್ಕೊಂತ ಬಂದೈತ್ರಿ.”

ಕೋಲು ಕೆಳಗಿಟ್ಟೆ. ಹುಟ್ಟಿದ ಮರಿ ಅಲುಗಾಡಲೇ ಇಲ್ಲ. ಆಕೆ ಅದರ ಮೂಗು ಒರೆಸಿ ಉಸಿರು ಊದುತ್ತಿದ್ದರೆ, ನಾನು ತಾಯಿ ಕುರಿಯ ತಲೆ ನೇವರಿಸುತ್ತ ಕುಳಿತೆ. ಕೊನೆಗೆ ಮರಿ ‘ಬ್ಯಾ’ ಎಂದಾಗ ಇಬ್ಬರ ಕಣ್ಣಲ್ಲೂ ನೀರು. ಕುರಿಗೆ ನೀರು ಕುಡಿಸಿ, ನಮ್ಮ ಗಿಡದ ಮಾವಿನ ಹಣ್ಣನ್ನು ಆಕೆಯ ಉಡಿಗೆ ಹಾಕಿ ಕಳಿಸಿದೆ.

ಸಂಜೆ ನಮ್ಮ ಯಜಮಾನರು, “ಹೂವಿನ ಗಿಡಾ ಯಾರ ಹಾಳ ಮಾಡ್ಯಾರ?” ಎಂದರು. “ಬಾಣಂತಿ ಬಂದಿದ್ಲ್ರಿ” ಎನ್ನುವಾಗ, ಮಗಳ ಹೆರಿಗೆ ಸುಸೂತ್ರವಾಗಿ ಮುಗಿದಷ್ಟು ನನ್ನ ಮನಸ್ಸು ಹಗುರಾಗಿತ್ತು.