ಹೊಸ ಅರಿವೆ ನಂಬದ ಭಾಂಡೆವ್ವ

ಆಕೆಯ ಎಡಗಿವಿಯ ಹಾಲೆ ನಡುವೆ ಸೀಳಿ ಎರಡಾಗಿತ್ತು. ಬೇರೆ ಹೆಂಗಸರಾಗಿದ್ದರೆ ಸೆರಗು ಹೊದ್ದು ಮುಚ್ಚಿಕೊಳ್ಳುತ್ತಿದ್ದರು. ಈಕೆ ಸೀಳಿನ ಎರಡೂ ತುಂಡಿಗೆ ಬೇರೆ ಬೇರೆ ತೂತು ಹಾಕಿಸಿ, ಒಂದಕ್ಕೆ ಕೆಂಪು ಹರಳಿನ ಓಲೆ, ಇನ್ನೊಂದಕ್ಕೆ ಯಾವ ಕಾಲದ್ದೋ ಬೆಳ್ಳಿಯ ಬುಗುಡಿ ತೂಗುಹಾಕಿದ್ದಳು. ಎರಡೂ ಜೋಡಿ ಕಳೆದುಕೊಂಡ ಹಳೆಯ ಒಡವೆಗಳು, ಸಂತೆಯಲ್ಲಿ ಸಿಕ್ಕವು. ತಲೆ ಅಲ್ಲಾಡಿಸಿದರೆ ಒಂದಕ್ಕೊಂದು ತಾಗಿ ಸಣ್ಣಗೆ ಸದ್ದಾಗುತ್ತಿತ್ತು.

ಸಣ್ಣವಳಿದ್ದಾಗ ನಾನು ನೇರವಾಗಿಯೇ ಕೇಳಿದ್ದೆ. "ಕಿವಿಗೆ ಏನಾಗೇತಿ ಯವ್ವಾ?"

"ಗಂಡ ಸಿಟ್ಟಿಗೆದ್ದು ಓಲಿ ಹಿಡದು ಜಗ್ಗಿದ."

"ನೀ ಏನ್ ಮಾಡಿದಿ?"

"ಅವನ ಮುಂಗೈ ಕಚ್ಚಿದೆ. ಬಿಡಸಾಕ ಓಣಿ ಮಂದಿ ಎಲ್ಲಾ ಬರಬೇಕಾತು" ಎಂದು ಬಾಯಿ ತುಂಬ ನಕ್ಕಳು. ಆ ಗಂಡ ನಾನು ಹುಟ್ಟುವ ಮೊದಲೇ ಸತ್ತಿದ್ದನಂತೆ. ಹೇಗೆ ಸತ್ತ ಎಂದು ಕೇಳುವ ಧೈರ್ಯ ನಮ್ಮ ಓಣಿಯಲ್ಲಿ ಯಾರಿಗೂ ಇರಲಿಲ್ಲ.

ಬೆಟಗೇರಿಯ ನಮ್ಮ ನೇಕಾರರ ಓಣಿಯಲ್ಲಿ ಕೊನೆಯ ಮನೆ ಆಕೆಯದು. ಸಣ್ಣವರು ದೊಡ್ಡವರು ಎಲ್ಲರೂ ಭಾಂಡೆವ್ವ ಎನ್ನುತ್ತಿದ್ದೆವು. ಸ್ಟೀಲಿನ ಭಾಂಡೆಗಳ ಬುಟ್ಟಿ ತಲೆಯ ಮೇಲೆ ಹೊತ್ತು ಲಕ್ಕುಂಡಿ, ಮಲ್ಲಸಮುದ್ರ, ಶಿರಹಟ್ಟಿ, ಬೆಳ್ಳಟ್ಟಿ ಎಂದು ಊರೂರು ತಿರುಗುವುದು, ಮನೆ ಮನೆಯ ಹಳೆಯ ಬಟ್ಟೆ ಇಸಿದುಕೊಂಡು ಬದಲಿಗೆ ತಂಬಿಗೆಯನ್ನೋ ತಾಟನ್ನೋ ಕೊಡುವುದು, ಇದು ಆಕೆಯ ಉದ್ಯೋಗ. ಬಂದ ಬಟ್ಟೆಯನ್ನು ಒಗೆದು ಹೊಲಿದು ಲಕ್ಷ್ಮೇಶ್ವರದ ಸಂತೆಯಲ್ಲಿ ಮಾರುತ್ತಿದ್ದಳು. ಪೂರಾ ಪಿಸಿದು ಹೋದದ್ದು ಕೌದಿ ಹೊಲಿಯುವವರಿಗೆ. ಎಲ್ಲಕ್ಕಿಂತ ಚಂದದ್ದು ಮಾತ್ರ ಯಾರಿಗೂ ಇಲ್ಲ, ಅದು ಆಕೆಯ ಮೈಗೇ.

ಏನು ಠೀವಿ ಅಂತೀರಿ! ಇಳಕಲ್ಲ ಸೀರೆಯ ಮೇಲೆ ಯಾವನೋ ವಕೀಲನ ಕರಿ ಕೋಟು. ಅದಕ್ಕೆ ಇದ್ದಷ್ಟೂ ಗುಂಡಿ ಬೇರೆ ಬೇರೆ ಜಾತಿಯವು. ಸೊಂಟಕ್ಕೆ ಪೊಲೀಸರು ಹಾಕುವಂಥ ಅಗಲ ಪಟ್ಟಾ, ಹಿತ್ತಾಳೆಯ ಬಕ್ಕಲ್ಲು. ಕಾಲಿಗೆ ಗಂಡಸರ ಚಪ್ಪಲಿ. ಹಬ್ಬವಿರಲಿ, ಮದುವೆ ಇರಲಿ, ಹೊಸ ಬಟ್ಟೆ ಮುಟ್ಟುತ್ತಿರಲಿಲ್ಲ. ಮದುವೆ ಮನೆಯವರು ಕೊಟ್ಟ ಹೊಸ ಖಣವನ್ನೂ ಬಾಗಿಲು ದಾಟುತ್ತಲೇ ಯಾರಿಗೋ ದಾಟಿಸುತ್ತಿದ್ದಳು. "ಹೊಸಾ ಅರಿವಿ ಮ್ಯಾಲ ನನಗ ನಂಬಿಕಿ ಇಲ್ಲ ಮಗಳ. ಅದು ಏನೂ ನೋಡಿರಂಗಿಲ್ಲ" ಎನ್ನುತ್ತಿದ್ದಳು.

ಆ ಪಟ್ಟಾ ಶೋಕಿಗೆ ಕಟ್ಟಿದ್ದಲ್ಲ ಎಂದು ನನಗೆ ತಿಳಿದದ್ದು ಗದಗಿನ ಬಸ್‌ಸ್ಟ್ಯಾಂಡಿನಲ್ಲಿ. ಆಕೆಯ ಗಂಟಿನಿಂದ ಬಂದ ಗಂಡಸರ ಪಟ್ಟೆ ಅಂಗಿಯನ್ನು ಲಂಗದ ಮೇಲೆ ತೊಟ್ಟುಕೊಂಡು ನಾನೂ ಜೊತೆಗೆ ಹೊರಟಿದ್ದೆ. ನೂಕುನುಗ್ಗಲಿನಲ್ಲಿ ಒಬ್ಬ "ಏನಲೇ, ಹುಡುಗೋ ಹುಡುಗೀನೋ?" ಎಂದು ಕೇಳಿ, ನೋಡೇಬಿಡುತ್ತೇನೆ ಎಂಬಂತೆ ಅಂಗಿಯೊಳಗೆ ಕೈ ಹಾಕಿದ. ಭಾಂಡೆವ್ವ ಬುಟ್ಟಿ ಇಳಿಸಿದ್ದು, ಪಟ್ಟಾ ಬಿಚ್ಚಿದ್ದು ನನಗೆ ಕಾಣಲೇ ಇಲ್ಲ. ಬಕ್ಕಲ್ಲು ಅವನ ದವಡೆಗೆ ಬಿದ್ದ ಸದ್ದು ಮಾತ್ರ ಕೇಳಿತು. ಅವನು ಬಾಯಿಂದ ರಕ್ತ ಉಗುಳುತ್ತಾ ಬಸ್ಸಿನ ಕೆಳಗೇ ನುಸುಳಿ ಓಡಿದ. ಆಕೆ ಪಟ್ಟಾ ಒರೆಸಿ ಸೊಂಟಕ್ಕೆ ಬಿಗಿದುಕೊಂಡು, ನನ್ನ ಅಂಗಿಯ ಕಾಲರು ಸರಿಮಾಡಿ, "ಚಲೋ ಅಂಗಿ ಐತಿ, ಹೆದರಿ ಬಿಚ್ಚಿ ಇಡಬ್ಯಾಡ" ಎಂದಳು.

ಗದಗ ಜಿಲ್ಲೆಯಾದ ಹೊಸದರಲ್ಲಿ ನನ್ನ ಮದುವೆಯಾಯಿತು. ಮುಂಡರಗಿಯ ಬಜಾರದಲ್ಲಿ ಸ್ವಂತ ಅರಿವೆ ಅಂಗಡಿ ಇದ್ದ ಮನೆ. ಅವರ ಅಂಗಡಿಯ ಸೀರೆಯ ರಾಶಿ ನೋಡಿ ನಮ್ಮಪ್ಪನ ಕಣ್ಣು ಕುಕ್ಕಿತ್ತು. ಭಾಂಡೆವ್ವ ಮಾತ್ರ ಮದುವೆಗೂ ಕರಿ ಕೋಟಿನಲ್ಲೇ ಬಂದು, ಉಂಡು, ಏನೂ ಹೇಳದೆ ಹೋದಳು.

ನನ್ನ ಗಂಡನ ಕೈ ಸೇದಿಹೋಗಲಿ. ಅಂಗಡಿ ಮುಚ್ಚಿ ಬಂದವನೇ ಸಾರಿಗೆ ಉಪ್ಪು ಕಡಿಮೆ ಎಂದೋ, ನಕ್ಕೆ ಎಂದೋ, ನಗಲಿಲ್ಲ ಎಂದೋ ನನ್ನ ಜಂಪರಿನ ಹಿಂಗೊರಳು ಹಿಡಿದು ಎಳೆಯುತ್ತಿದ್ದ. ಬಟ್ಟೆ ಬೆನ್ನುದ್ದಕ್ಕೂ ಪರ್ರನೆ ಹರಿಯುತ್ತಿತ್ತು. ಆಮೇಲೆ ಬರಿ ಬೆನ್ನಿನ ಮೇಲೆ ಅರಿವೆ ಅಳೆಯುವ ಕಬ್ಬಿಣದ ಮೀಟರ್ ಪಟ್ಟಿ. ಮೊದಲು ಅಂಚಿನಿಂದ, ಆಮೇಲೆ ಅಡ್ಡಡ್ಡ. ಬೆಳಗಾದರೆ ಅಂಗಡಿಯಿಂದ ಹೊಸ ಜಂಪರ ಬರುತ್ತಿತ್ತು. ಅತ್ತೆ ಅದನ್ನು ನನಗೆ ತೊಡಿಸಿ ನೀರಿಗೆ ಕಳಿಸುತ್ತಿದ್ದಳು. ನಳದ ಹತ್ತಿರ ಹೆಂಗಸರು "ಏನಬೇ ನಿನ್ನ ದೈವ! ಹಬ್ಬ ಇಲ್ಲ ಹುಣ್ಣಿವಿ ಇಲ್ಲ, ಹೊಸಾ ಜಂಪರ" ಎಂದು ಹೊಟ್ಟೆ ಉರಿದುಕೊಳ್ಳುತ್ತಿದ್ದರು. ತವರಿಗೆ ಹೋದಾಗ ಅವ್ವನೂ ತೋಳು ಮುಟ್ಟಿ ನೋಡಿ "ನುಣುಪು ಐತಿ" ಎಂದಳು. ಕೊನೆಕೊನೆಗೆ ಮೀಟರ್ ಪಟ್ಟಿ ತಲೆಗೂ ಬೀಳತೊಡಗಿತು. ಇವನು ಒಂದು ದಿನ ನನ್ನನ್ನು ಕೊಲ್ಲುತ್ತಾನೆ, ಹೆಣಕ್ಕೂ ಹೊಸ ಜಂಪರ ತೊಡಿಸುತ್ತಾರೆ, ಯಾರಿಗೂ ಗೊತ್ತಾಗುವುದಿಲ್ಲ ಎಂದು ನನಗೆ ಖಾತ್ರಿಯಾಗಿತ್ತು.

ಒಂದು ಮಧ್ಯಾಹ್ನ ಮುಂಡರಗಿಯ ನಮ್ಮ ಓಣಿಯಲ್ಲಿ ಭಾಂಡೆವ್ವನ ಕೂಗು ಕೇಳಿತು. ನಾನು ಬಾಗಿಲ ಹಿಂದೆಯೇ ನಿಂತೆ. ಅತ್ತೆ ಆಕೆಯನ್ನು ಕಟ್ಟೆಗೆ ಕರೆದಳು. ಮದುವೆಯ ಗದ್ದಲದಲ್ಲಿ ಆಕೆಯನ್ನು ಗಮನಿಸಿರದ ಅತ್ತೆಗೆ, ಆಕೆ ನನ್ನ ತವರು ಓಣಿಯವಳೆಂದು ಗೊತ್ತಿರಲಿಲ್ಲ. ಮುಚ್ಚಳವಿದ್ದ ಒಂದು ದೊಡ್ಡ ಡಬರಿಯ ಮೇಲೆ ಅತ್ತೆಯ ಕಣ್ಣು ಬಿದ್ದಿತ್ತು. ಮಾವನ ಧೋತರ, ಹರಿದ ಚಾದರ ಎಲ್ಲ ಹಾಕಿದರೂ ಭಾಂಡೆವ್ವ "ಸಾಲೂದಿಲ್ಲ ಬಿಡವಾ" ಎಂದು ಡಬರಿಯನ್ನು ಬುಟ್ಟಿಗೆ ಸೇರಿಸಿದಳು. ಆಸೆ ಕೆಟ್ಟದ್ದು ನೋಡಿ. ಅತ್ತೆ ಒಳಗೆ ಓಡಿ, ಟ್ರಂಕಿನ ತಳದಲ್ಲಿ ಅಡಗಿಸಿದ್ದ ನನ್ನ ಜಂಪರುಗಳನ್ನೆಲ್ಲ ತಂದು ಸುರಿದಳು.

ಭಾಂಡೆವ್ವನ ರೂಢಿಯೇ ಒಂದಿತ್ತು. ಪ್ರತಿ ಬಟ್ಟೆಯನ್ನೂ ಬಿಸಿಲಿಗೆ ಹಿಡಿದು, ಎರಡೂ ಕೈಯಿಂದ ಮೆಲ್ಲಗೆ ಜಗ್ಗಿ ನೋಡದೆ ಗಂಟಿಗೆ ಹಾಕುತ್ತಿರಲಿಲ್ಲ. ಮೊದಲ ಜಂಪರ ಹಿಡಿದಳು. ಎರಡನೆಯದು ಹಿಡಿದಳು. ಉಳಿದವನ್ನು ಒಟ್ಟಿಗೇ ಹರವಿದಳು. ಎಲ್ಲವೂ ಹಿಂಗೊರಳಿನಿಂದ ಕೆಳಗೆ ಒಂದೇ ಕಡೆ ಹರಿದಿದ್ದವು.

"ಇನ್ನೂ ಬಣ್ಣ ಹೋಗಿಲ್ಲಲ್ಲವಾ. ಕಂಕುಳಾಗ ಬೆವರಿನ ಕಲಿ ಸೈತ ಇಲ್ಲ" ಎಂದಳು.

"ನಮ್ಮದು ಅರಿವಿ ಅಂಗಡಿ. ಸೊಸಿಗೆ ಬ್ಯಾಸರಾದ್ವು, ಒಗದ್ಲು."

"ಹಂಗಾರ ಆ ಸೊಸಿನ್ನ ಕರೀರಿ."

ಅತ್ತೆ ಬಾಯಿ ತೆರೆಯುವ ಮೊದಲೇ ಆಕೆ ಹೊಸ್ತಿಲು ದಾಟಿ ಬಂದು, ಬಾಗಿಲ ಹಿಂದಿನಿಂದ ನನ್ನನ್ನು ಹೊರಗೆಳೆದು, ಬೆಳಕಿಗೆ ತಿರುಗಿಸಿ, ತೊಟ್ಟಿದ್ದ ಹೊಸ ಜಂಪರನ್ನು ಹಿಂದಿನಿಂದ ಮೇಲೆತ್ತಿದಳು. ಬೆನ್ನು ನೋಡಿದಳು. ಆಕೆಯ ಉಸಿರು ಮಾತ್ರ ನನ್ನ ಕುತ್ತಿಗೆಗೆ ಬಡಿಯುತ್ತಿತ್ತು.

ಅಷ್ಟರಲ್ಲಿ ಊಟಕ್ಕೆ ಅವನೇ ಬಂದ. ಅತ್ತೆ ಲಬೋಲಬೋ ಹೊಯ್ಕೊಂಡಳು. ಅವನು ಬಾಗಿಲ ಸಂದಿಯ ಮೀಟರ್ ಪಟ್ಟಿ ತೆಗೆದವನೇ ಭಾಂಡೆವ್ವನ ತಲೆಗೆ ಬೀಸಿದ. ಆಕೆ ಎಡಗೈ ಅಡ್ಡ ಒಡ್ಡಿದಳು. ಮುಂಗೈಯ ಎಲುಬು ಹಸಿ ಕಟ್ಟಿಗೆಯಂತೆ ಲಟಕ್ಕನೆ ಮುರಿಯಿತು. ಕೂಗಲಿಲ್ಲ, ಪುಣ್ಯಾತ್ಗಿತ್ತಿ. ಬಲಗೈಯಲ್ಲಿ ಕಟ್ಟೆಯ ಬುಟ್ಟಿಯಿಂದ ಅದೇ ಡಬರಿಯನ್ನು ಎತ್ತಿ ಅವನ ಮೋರೆಗೆ ಕುಕ್ಕಿದಳು. ಬಲಹುಬ್ಬು ಒಡೆದು ರಕ್ತ ಕಣ್ಣಿಗಿಳಿಯಿತು. ಇನ್ನೊಮ್ಮೆ ಕುಕ್ಕಿದಳು. ಅವನು ಗೋಡೆಗೆ ಜಾರಿ ಕೂತ. ನನ್ನನ್ನು ಹೊಡೆಯುವಾಗ ಅಷ್ಟೆತ್ತರ ಕಾಣುತ್ತಿದ್ದ ಗಂಡಸು ಅಲ್ಲಿ ಕೂತು ಮಕ್ಕಳ ಹಾಗೆ ಅವ್ವಾ ಅವ್ವಾ ಎಂದು ಅಳತೊಡಗಿದ.

"ಹೊರಗ ನಡಿ!" ಎಂದಳು ನನಗೆ. "ಎಲ್ಲಿಗೆ ಹೋಗ್ಲಿ ಯವ್ವಾ? ಅಪ್ಪ ಮನ್ಯಾಗ ಕರಕೊಳ್ಳಂಗಿಲ್ಲ" ಎಂದೆ. ನನ್ನ ಕೆನ್ನೆಗೆ ಛಟೀರನೆ ಒಂದು ಕೊಟ್ಟಳು. ಅವನು ಕೊಟ್ಟ ಯಾವ ಏಟೂ ನನ್ನನ್ನು ಹಾಗೆ ಎಚ್ಚರಿಸಿರಲಿಲ್ಲ. "ನಡಿ ಅಂದ್ರ ನಡೀಬೇಕು!" ನಡೆದೆ. ಬುಟ್ಟಿ, ಭಾಂಡೆ ಎಲ್ಲ ಆ ಕಟ್ಟೆಯ ಮೇಲೇ ಬಿಟ್ಟು ಬಂದಳು. ಜಂಪರುಗಳನ್ನು ಮಾತ್ರ ಕೋಟಿನ ಒಳಗೆ ತುರುಕಿಕೊಂಡಿದ್ದಳು.

ಬೆಟಗೇರಿಗೆ ಬಂದರೆ ನಮ್ಮಪ್ಪ ಹೊಸ್ತಿಲಲ್ಲೇ ತಡೆದ. ತೀರ್ಮಾನಕ್ಕೆ ದೈವ ಕೂಡಿತು. ನಮ್ಮ ನೇಕಾರರ ಹಿರಿಯರ ಪಂಚಾಯ್ತಿಗೆ ದೈವ ಎನ್ನುತ್ತೇವೆ. ಅವನು ಹುಬ್ಬಿಗೆ ಪಟ್ಟಿ ಸುತ್ತಿಕೊಂಡು ಬಂದಿದ್ದ. ಭಾಂಡೆವ್ವ ಯಾವನೋ ಸಾಹೇಬನ ರೇಷ್ಮೆ ಟೈಯನ್ನು ಕೊರಳಿಗೆ ಕಟ್ಟಿ, ಅದರಲ್ಲಿ ಮುರಿದ ಕೈ ಇಳಿಬಿಟ್ಟುಕೊಂಡು ಕೂತಿದ್ದಳು.

"ಹಬ್ಬ ಹುಣ್ಣಿವಿ ನೋಡದ ಹೊಸಾ ಅರಿವಿ ಕೊಟ್ಟೀವ್ರಿ. ಇನ್ನೇನ್ ಮಾಡಬೇಕಿತ್ತು?" ಎಂದಳು ಅತ್ತೆ.

ದೈವದ ಹಿರಿಯರೊಬ್ಬರು ನನ್ನ ಕಡೆ ತಿರುಗಿದರು. "ಖರೆ ಐತಲ್ಲವಾ. ಗಂಡ ಅಂದ ಮ್ಯಾಲ ಒಂದ್ ಮಾತು ಬರ್ತೈತಿ, ಹೊಕ್ಕೈತಿ. ಹೋಗು, ಬಾಳೇ ಮಾಡು."

ಹಾಗೆ ಹೋಗಿದ್ದರೆ ನಾನು ಉಳಿಯುತ್ತಿರಲಿಲ್ಲ. ಅಷ್ಟು ಗಂಡಸರ ನಡುವೆ ಎದ್ದು ಬೆನ್ನು ತೋರಿಸಲು ನಾಚಿಕೆ ಬಿಡಲಿಲ್ಲ. ಭಾಂಡೆವ್ವ ಎದ್ದು ಕೋಟಿನೊಳಗಿನ ಜಂಪರುಗಳನ್ನು ತೆಗೆದು ಹಿರಿಯರ ತೊಡೆಯ ಮೇಲೆ ಒಗೆದಳು.

"ಆ ಹುಡುಗಿ ಮಾರಿ ಯಾಕ ನೋಡ್ತೀರಿ? ಇವನ್ನ ನೋಡ್ರಿ. ನೇಕಾರ್ ಅದೀರಿ. ಸವದು ಹರದಿದ್ದು ಯಾವುದು, ಜಗ್ಗಿ ಹರದಿದ್ದು ಯಾವುದು ನಿಮಗ ತಿಳೀಲಿಲ್ಲ ಅಂದ್ರ ಮನಿಗೆ ಹೋಗಿ ಮಗ್ಗಕ್ಕ ಬೆಂಕಿ ಹಚ್ಚರಿ!"

ಹಿರಿಯರು ಒಂದು ಜಂಪರ ಎತ್ತಿದರು. ಜೀವಮಾನವೆಲ್ಲ ನೂಲು ಹಿಡಿದ ಬೆರಳು, ತಾನಾಗಿಯೇ ಹರಿದ ಅಂಚಿಗೆ ಹೋಯಿತು. ಸವೆದ ಬಟ್ಟೆಯಲ್ಲಿ ಎಳೆ ಮೊದಲು ಜುಂಗು ಎದ್ದು ತೆಳ್ಳಗಾಗಿರುತ್ತದೆ. ಇಲ್ಲಿ ಹಾಸು ಹೊಕ್ಕು ಎರಡೂ ಗಟ್ಟಿ ಎಳೆಗಳೇ, ನಡುವೆ ತುಂಡಾಗಿದ್ದವು. ಅವರು ಅದನ್ನು ಪಕ್ಕದವರಿಗೆ ಕೊಟ್ಟರು, ಪಕ್ಕದವರು ಅವರ ಪಕ್ಕದವರಿಗೆ. ನಮ್ಮಪ್ಪನ ಕೈಗೆ ಬಂದಾಗ ಅಪ್ಪ ಅದನ್ನು ಮೋರೆಗೆ ಒತ್ತಿ ಹಿಡಿದು, ಎದ್ದು ಹೋಗಿ ಅಳಿಯನ ಎದೆಗೆ ಒದ್ದ. ಬಿಡಿಸಲು ಯಾರೂ ಅವಸರ ಮಾಡಲಿಲ್ಲ. ಅಂದೇ ನನಗೆ ಸೋಡಚೀಟಿಯಾಯಿತು, ಆ ಸಂಬಂಧ ಹರಿಯಿತು.

ನಾನು ತವರಿಗೆ ಹೋಗದೆ ಭಾಂಡೆವ್ವನ ಮನೆಯಲ್ಲೇ ಉಳಿದೆ. ಆಕೆ ತಂದ ಹಳೆಯ ಬಟ್ಟೆ ಬಿಚ್ಚಿ ಹೊಲಿದು, ಆಕೆಯ ಹಾಗೆಯೇ ಗಂಡಸರ ಅಂಗಿ, ಸತ್ತವರ ಶಾಲು, ಯಾರೋ ಬಿಟ್ಟ ಸ್ವೆಟರು ತೊಟ್ಟು ಬದುಕು ಕಟ್ಟಿಕೊಂಡೆ. ಕೆಲವು ವರ್ಷಗಳ ಮೇಲೆ ಅವನು ಮತ್ತೊಂದು ಮದುವೆಯಾದ ಖಬರ ಬಂತು. "ನಮಗ್ಯಾಕ ಯವ್ವಾ ಆ ಮನಿ ಸುದ್ದಿ?" ಎಂದೆ. ಆದರೆ ಆಕೆ ಮುಂಡರಗಿಯ ಕಡೆ ತಿರುಗುವ ಭಾಂಡೆಯವರಿಗೆಲ್ಲ, ಆ ಮನೆಯಿಂದ ಬಂದ ಅರಿವೆಯನ್ನು ತನಗೇ ತಂದುಕೊಡಬೇಕೆಂದು ಹೇಳಿಟ್ಟಿದ್ದಳು. ಧೋತರ ಬರುತ್ತಿತ್ತು, ದಿಂಬಿನ ಗಲೀಫು ಬರುತ್ತಿತ್ತು. ಒಂದು ದಿನ ಹಳದಿ ಜಂಪರ ಬಂತು. ಹಿಂಗೊರಳಿನಿಂದ ಕೆಳಗೆ ಹರಿದಿತ್ತು.

ನನಗೆ ಹೇಳದೆ ಮುಂಡರಗಿಗೆ ಹೋದಳು. ಸಂಜೆಯೊಳಗೆ ಒಂದು ಟಂಟಂ ಗಾಡಿಯಲ್ಲಿ ಗದಗಿನ ದವಾಖಾನೆಗೆ ತಂದರು. ತಲೆ ಬಿರಿದಿತ್ತು, ಈ ಸಲ ಅಡ್ಡ ಒಡ್ಡಲು ಕೈಯಲ್ಲಿ ಮೊದಲಿನ ಕಸುವಿರಲಿಲ್ಲ. ಹದಿಹರೆಯ ಆಗಷ್ಟೇ ದಾಟಿದ್ದ ಒಂದು ಹುಡುಗಿ ಆಕೆಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು, ಸೀರೆಯೆಲ್ಲ ರಕ್ತ. ಅವನ ಎರಡನೆಯ ಹೆಂಡತಿ. ಭಾಂಡೆವ್ವ ಕಣ್ಣು ತೆರೆದು ನನ್ನನ್ನು ಹುಡುಕಿದಳು.

"ಈಕಿನ್ನ ಒಳಗ ಕರಕೋ. ಅವನ ಇನ್ನೊಂದು ಹುಬ್ಬೂ ಒಡದೇನಿ" ಎಂದಳು. ಬೆಳಗಾಗುವುದರೊಳಗೆ ಹೋದಳು. ಅವನು ಜೈಲಿಗೆ ಹೋದದ್ದು ಆಮೇಲಿನ ಮಾತು.

ಮನೆಯ ಮುಂದೆ ಓಣಿಯೆಲ್ಲ ನೆರೆಯಿತು. ಮೈ ತೊಳೆದದ್ದಾಯಿತು. ಸತ್ತವರಿಗೆ ಹೊಸ ಸೀರೆ ಉಡಿಸುವುದು ನಮ್ಮ ರೂಢಿ. ಹಿರಿಯ ಹೆಂಗಸರು ಮಡಿಕೆಯೂ ಬಿಚ್ಚದ ಸೀರೆ ತಂದರು. ನಾನು ಅದನ್ನು ಕಿತ್ತುಕೊಂಡು ಅಂಗಳಕ್ಕೆ ಎಸೆದೆ. "ಆಕಿ ಮೈಮ್ಯಾಲ ಹೊಸಾದು ಹಾಕಾಕ ಬಂದವರ ಕೈ ಮುರೀತೀನಿ" ಎಂದು ಕಿರುಚಿದೆ. ಒಳಗೆ ಹೋಗಿ, ನಾನು ಉಟ್ಟಿದ್ದ ಹಳೆಯ ಇಳಕಲ್ಲ ಸೀರೆ ಬಿಚ್ಚಿ, ಕೈಗೆ ಸಿಕ್ಕದ್ದು ಸುತ್ತಿಕೊಂಡು, ಆ ಸೀರೆ ಹಿಡಿದು ಬಂದೆ.

ಹಿರಿಯಳೊಬ್ಬಳು ಗಾಬರಿಯಿಂದ ನನ್ನ ರಟ್ಟೆ ಹಿಡಿದಳು. "ಹುಚ್ಚೀ, ಇದ್ದವರು ಉಟ್ಟಿದ್ದು ಸತ್ತವರ ಕೂಡ ಹೋಗಬಾರದು. ನಿನ್ನ ಆಯುಷ್ಯಾನೂ ಆಕಿ ಜೋಡಿ ಹೊಕ್ಕೈತಿ!"

"ಹೋದ್ರ ಹೋಗ್ಲಿ ಬಿಡ್ರಿ" ಎಂದೆ. "ಆಯುಷ್ಯ ಆಕೀದ ಐತಿ."

ಮುಂಡರಗಿಯ ಹುಡುಗಿ ಎದ್ದು ಬಂದು ಸೀರೆಯ ಇನ್ನೊಂದು ತುದಿ ಹಿಡಿದಳು. ಇಬ್ಬರೂ ಸೇರಿ ಉಡಿಸಿದೆವು.