ತುದಿಗಾಲಿನ ಕತೆ

ನಮ್ಮ ಟೀಚರ ಬಲಗಾಲಿನ ಹೆಬ್ಬೆರಳಿಗೆ ಉಗುರಿರಲಿಲ್ಲ. ಉಗುರಿರಬೇಕಾದ ಜಾಗದಲ್ಲಿ ಹುಣಿಸೆಬೀಜದಂತೆ ನುಣುಪಾದ ಕಂದು ಚರ್ಮ. ನೆಲದ ಮೇಲೆ ಕೂರುತ್ತಿದ್ದ ನಮ್ಮ ಕಣ್ಣಿಗೆ ಮೊದಲು ಬೀಳುತ್ತಿದ್ದುದು ಅವರ ಮುಖವಲ್ಲ, ಆ ಬೆರಳು. ಅವರು ತುದಿಗಾಲಲ್ಲಿ ಕುಣಿದೇ ಉಗುರು ಕಳೆದುಕೊಂಡಿದ್ದಾರೆ ಎಂದು ನಮ್ಮೂರು ಪಟ್ಟಂದೂರು ಅಗ್ರಹಾರದ ಶಾಲೆಯ ಮೂರನೇ ಕ್ಲಾಸಿನವರೆಲ್ಲ ನಂಬಿದ್ದೆವು.

ಹಾಗೆ ನಂಬಿಸಿದ್ದು ಅವರ ಚೀಲದಲ್ಲಿದ್ದ ಒಂದು ಚಿತ್ರದ ಪುಸ್ತಕ. ಎಪ್ಪತ್ತರ ದಶಕದ ಮಾತು. ಟೀಚರ್ ಸಿಟಿಯಿಂದ, ಮಾರತ್ತಹಳ್ಳಿ ಮೇಲೆ ಬರುವ ಬಸ್ಸಿನಲ್ಲಿ ಬರುತ್ತಿದ್ದರು. ಶನಿವಾರದ ಬೆಳಗಿನ ಶಾಲೆ ಮುಗಿಯುವ ಮುನ್ನ ಪುಸ್ತಕ ತೆರೆದು, ತುದಿಗಾಲಲ್ಲಿ ಕುಣಿದು ಕುಣಿದು ಉಗುರು ಉದುರಿದ, ಹಿಮ ಬೀಳುವ ದೇಶದ ಒಬ್ಬ ದೊಡ್ಡ ಬ್ಯಾಲೆ ನರ್ತಕಿಯ ಕತೆ ಹೇಳುತ್ತಿದ್ದರು. ಅವಳು ಜಟಕಾ ಗಾಡಿಯವನ ಮಗಳು. ಸಣಕಲಿ ಎಂದು ನೃತ್ಯಶಾಲೆಯವರು ಒಮ್ಮೆ ಹಿಂದಕ್ಕೆ ಕಳಿಸಿದ್ದರು. ಕತೆ ಕಾವೇರುತ್ತಿದ್ದಂತೆ ಪುಸ್ತಕ ಮುಚ್ಚಿ, "ಮಿಕ್ಕಿದ್ದು ಸೋಮವಾರ. ಬಂದವರಿಗೆ ಮಾತ್ರ" ಎನ್ನುತ್ತಿದ್ದರು. ಸುಗ್ಗಿಯಲ್ಲಿ ಹುಡುಗಿಯರು ಶಾಲೆ ತಪ್ಪಿಸದಿರಲಿ ಎಂದು ಹೂಡಿದ ಉಪಾಯವಿರಬೇಕು. ಆಗ ಅದು ಬರೀ ಹಿಂಸೆ.

"ಅವಳು ಕುಣಿಯೋ ಶೂ ತುದಿ ಗಟ್ಟಿ ಇರುತ್ತೆ, ತೆಂಗಿನ ಕರಟದ ಥರ" ಎಂದು ಅವರು ಒಂದು ಶನಿವಾರ ಹೇಳಿದರು. ನಾನು ಮನೆಗೆ ಹೋದವಳೇ ಎರಡು ಕರಟಕ್ಕೆ ಬಟ್ಟೆ ತುರುಕಿ, ಬೆರಳು ತೂರಿಸಿ, ದಾರದಿಂದ ಕಾಲಿಗೆ ಕಟ್ಟಿಕೊಂಡೆ. ಕುಣಿಯಲು ಎಲ್ಲಕ್ಕಿಂತ ನುಣುಪಾದ ನೆಲವೆಂದರೆ ರಾಗಿ ಒಕ್ಕಲು ಆಗ ತಾನೇ ಸಗಣಿ ಸಾರಿಸಿದ್ದ ನಮ್ಮ ಕಣ. ಪೂಜೆಯಾಗುವವರೆಗೆ ಆ ಹಸಿನೆಲಕ್ಕೆ ಯಾರೂ ಕಾಲಿಡುವಂತಿಲ್ಲ. ನಾನು ಇಟ್ಟೆ. ಕಣದ ತುಂಬ ಗುಂಡನೆಯ ಗುಳಿಗಳು.

"ಎಮ್ಮೆಕರ ನುಗ್ಗೈತೆ ಅಂದ್ಕಂಡ್ರೆ ನೀನೇನೇ!" ಅಜ್ಜಿ ನನ್ನ ಜುಟ್ಟು ಹಿಡಿದಳು. "ಇಸ್ಕೂಲಲ್ಲಿ ಇದ್ನೇನೇ ಕಲ್ಸೋದು? ಓದಿದ್ದು ಸಾಕು. ಸೋಮ್ವಾರದಿಂದ ತಮ್ಮನ್ನ ಎತ್ಕಂಡು ಮನೇಲಿರು."

ಅಕ್ಕನ ಓದು ನಿಂತದ್ದೂ ಅಜ್ಜಿಯ ಇಂಥದೇ ಒಂದು ಮಾತಿಗೆ. ಅಪ್ಪ ಎದುರಾಡುತ್ತಿರಲಿಲ್ಲ. ಅಕ್ಕನೇ ಬಸ್‌ಸ್ಟಾಪಿಗೆ ಓಡಿ, ಮಧ್ಯಾಹ್ನದ ಬಸ್ಸಿಗೆ ಇನ್ನೂ ಕಾಯುತ್ತಿದ್ದ ಟೀಚರನ್ನು ಕರೆತಂದಳು.

ಅವರು ಚಪ್ಪಲಿಯನ್ನು ದೂರದಲ್ಲೇ ಬಿಟ್ಟರು. "ತಪ್ಪು ನನ್ನದು ಅಜ್ಜಿ. ಕರಟ ಅಂದಿದ್ದು ನಾನೇ. ಸಗಣಿ ಎಲ್ಲಿದೆ?"

ಸೆರಗು ಸಿಕ್ಕಿಸಿ, ಕುಕ್ಕರಗಾಲಲ್ಲಿ ಕೂತು, ಹಿಂದೆ ಹಿಂದೆ ಸರಿಯುತ್ತ ಸಾರಿಸತೊಡಗಿದರು. ಇಡೀ ಕಣ ಸಾರಿಸಿದರೆಂದು ನನ್ನ ನೆನಪು. ಒಂದು ಮೂಲೆ ಅಷ್ಟೇ, ಅದೂ ಸೊಟ್ಟ ಎಂದು ಅಕ್ಕ. ಅವಳದೇ ನಿಜವಿರಬಹುದು. ಏಕೆಂದರೆ ಅಜ್ಜಿ ನಕ್ಕಳು.

"ಬಿಡವ್ವ, ಕೋಳಿ ಕೆರೆದಂಗೈತೆ." ತಾನೂ ಪಕ್ಕದಲ್ಲಿ ಕುಕ್ಕರಿಸಿ ಕೈಹಚ್ಚಿದಳು. ಸ್ವಲ್ಪ ಹೊತ್ತಿನ ಮೇಲೆ, "ಅದ್ಸರಿ, ಆ ಜಟಕಾದೋನ ಮಗ್ಳು ಏನಾದ್ಲು?"

ನಾನು ತಮ್ಮನಿಗೆ ಒಪ್ಪಿಸುತ್ತಿದ್ದ ಕತೆಯನ್ನು ಅಜ್ಜಿ ರಾಗಿ ಬೀಸುತ್ತ ಕೇಳಿಸಿಕೊಂಡಿದ್ದಳೆಂದು ನನಗೆ ಆಗಲೇ ಗೊತ್ತಾದದ್ದು.

ಟೀಚರ್ ತಲೆಯೆತ್ತಲಿಲ್ಲ. "ಅವಳಿಗೊಬ್ಬ ಅಜ್ಜಿ ಇದ್ದಳು. ಬಲು ಗಟ್ಟಿಗಿತ್ತಿ. ಮೊಮ್ಮಗಳ ಕೈ ಹಿಡ್ಕೊಂಡು ಇನ್ನೊಂದ್ಸಲ ಆ ಶಾಲೆ ಬಾಗಿಲಿಗೆ ಹೋದಳು..."

"ಓಗಿ?"

"ಮಿಕ್ಕಿದ್ದು ಸೋಮವಾರ. ಮೊಮ್ಮಗಳನ್ನ ಕಳಿಸಿ, ಬಂದು ಹೇಳ್ತಾಳೆ."

"ಬಲೇ ಕಿಲಾಡಿ ಕಣವ್ವ ನೀನು!"

ಸೋಮವಾರ ನನಗೆ ಜಡೆ ಹೆಣೆದದ್ದು ಅಜ್ಜಿಯೇ. ಕತೆ ಆ ವರ್ಷವೆಲ್ಲ ಮುಗಿಯಲಿಲ್ಲ. ನಾನೂ ಶಾಲೆ ಬಿಡಲಿಲ್ಲ.

ಎಂ.ಎ. ಓದುವಾಗ ವಿಶ್ವವಿದ್ಯಾಲಯದ ಲೈಬ್ರರಿಯಲ್ಲಿ ಆ ನರ್ತಕಿಯ ಜೀವನಚರಿತ್ರೆ ಸಿಕ್ಕಿತು. ಜಟಕಾ ಇತ್ತು, ಹಿಂದಕ್ಕೆ ಕಳಿಸಿದ್ದೂ ಇತ್ತು. ಅಜ್ಜಿ ಇರಲಿಲ್ಲ. ಎರಡು ಸಲ ಹುಡುಕಿದೆ. ಟೀಚರ್ ಹಾಸಿಗೆ ಹಿಡಿದಿದ್ದಾರೆಂದು ತಿಳಿದು ನೋಡಲು ಹೋದಾಗ ಅದನ್ನೇ ಕೇಳಿದೆ.

"ಪುಸ್ತಕದಲ್ಲಿ ಎಲ್ಲಿರ್ತಾಳೆ? ಅವಳು ಹುಟ್ಟಿದ್ದು ನಿಮ್ಮ ಕಣದಲ್ಲಿ" ಎಂದರು.

"ನಿಮ್ಮ ಉಗುರು?"

"ಒಳಕಲ್ಲು ಗುಂಡು ಬಿತ್ತು ಕಣೇ. ಕುಣಿಯೋಕೆ ನನ್ನನ್ಯಾರು ಬಿಟ್ರು?"

ಅವರು ಹೋದ ಸುದ್ದಿ ನನಗೆ ತಡವಾಗಿ ತಲುಪಿತು. ಊರಿಗೆ ಹೋಗಿ ಅಜ್ಜಿಗೆ ಹೇಳಿದೆ. ಅಜ್ಜಿ, "ಒಳ್ಳೆ ಕತೆ ಯೋಳ್ತಿದ್ಲು. ಆ ಜಟಕಾದೋರ ಮುದ್ಕಿ ಇಲ್ದಿದ್ರೆ ಆ ಉಡ್ಗಿ ಕುಣೀತಿರ್ಲಿಲ್ಲ, ಅಲ್ವೇನೇ?" ಎಂದಳು.

"ಹೌದಜ್ಜಿ" ಎಂದೆ.